ರೋಸಾ ಪಾರ್ಕ್ಸ್ ಅವರಿಗೆ ಅವತ್ತು ಕಾಲು ನೋವಿರಲಿಲ್ಲ

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ರೋಸಾ ಪಾರ್ಕ್ಸ್ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ, ಒಂದು ಚಾರ್ಟ್ ಕೂಡ ಮಾಡಬೇಕಂತೆ. ಎಲ್ಲಿ ಹುಡುಕಿದರೂ ಒಂದೇ ಕಥೆ ಸಿಗುತ್ತದೆ. ಬಟ್ಟೆ ಹೊಲಿಯುವ ಹೆಂಗಸು, ದಿನವೆಲ್ಲ ದುಡಿದು ಸುಸ್ತಾಗಿದ್ದರು, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲಿಲ್ಲ, ಆಮೇಲೆ ಕಾನೂನು ಬದಲಾಯಿತು. ಮಗಳು ಕೇಳುತ್ತಾಳೆ: "ಅಷ್ಟಕ್ಕೇ ಕಾನೂನು ಬದಲಾಗುತ್ತಾ ಅಪ್ಪಾ? ಅವರಿಗಿಂತ ಮುಂಚೆ ಯಾರೂ ಬೇಡ ಅಂದಿರಲಿಲ್ವಾ?" ನನಗೆ ಉತ್ತರ ಗೊತ್ತಿರಲಿಲ್ಲ. ಚಾರ್ಟಿಗೆ ಪೊಲೀಸರು ಅವರ ಬೆರಳಚ್ಚು ತೆಗೆದುಕೊಳ್ಳುವ ಫೋಟೊ ಅಂಟಿಸಿದರೆ ಸರಿಯಾ ಅಂತಲೂ ತಿಳಿಸಿ.

ಉತ್ತರ: ನಿಮ್ಮ ಮಗಳ ಅನುಮಾನ ಸರಿಯಾಗಿದೆ. ಅಷ್ಟಕ್ಕೇ ಕಾನೂನು ಬದಲಾಗಲಿಲ್ಲ. ಪಾರ್ಕ್ಸ್ ಮೊದಲನೆಯವರೂ ಅಲ್ಲ. ಅವತ್ತು ಅವರಿಗೆ ವಿಶೇಷ ಸುಸ್ತೇನೂ ಇರಲಿಲ್ಲ. ಇದನ್ನು ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಬೇರೆ ದಿನ ಕೆಲಸ ಮುಗಿಸಿ ಬರುವಾಗ ಎಷ್ಟು ಆಯಾಸ ಇರುತ್ತಿತ್ತೋ ಅಷ್ಟೇ ಇತ್ತಂತೆ. ಸಾಕಾಗಿದ್ದು ತಗ್ಗಿ ಬಗ್ಗಿ ನಡೆದೂ ನಡೆದೂ. ಜನ ತಮ್ಮನ್ನು ವಯಸ್ಸಾದ ಹೆಂಗಸು ಅಂದುಕೊಳ್ಳುತ್ತಾರೆ, ಆಗ ನನಗೆ 42 ಅಷ್ಟೇ ಅಂತಲೂ ಹೇಳಿಕೊಂಡಿದ್ದಾರೆ. ಸುಸ್ತಾದ ಅಜ್ಜಿಯ ಕಥೆ ಹೇಳಿದರೆ ಕೇಳುವವರಿಗೆ ಅಯ್ಯೋ ಅನ್ನಿಸುತ್ತದೆ, ಆದರೆ ಅವರೂ ಅವರ ಊರಿನ ಬೇರೆ ಹೆಂಗಸರೂ ವರ್ಷಗಟ್ಟಲೆ ಪಟ್ಟ ಪಾಡು, ಮಾಡಿಕೊಂಡ ತಯಾರಿ ಪೂರ್ತಿ ಮರೆಯಾಗಿಬಿಡುತ್ತದೆ. ನನಗೆ ತುಂಬಾ ಬೇಸರವಾಗುವುದು ಅದಕ್ಕೆ.

ಮೊದಲು ಆ ಬಸ್ಸನ್ನು ಕಣ್ಣಿಗೆ ತಂದುಕೊಳ್ಳಿ. ಊರು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ. ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರದ್ದು. ಬಸ್ಸಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಆ ಹತ್ತು ಖಾಲಿಯೇ ಇರಬೇಕು, ಕಪ್ಪು ಜನ ಅದರ ಪಕ್ಕದಲ್ಲೇ ನಿಂತು ಹೋಗಬೇಕು. ಕಪ್ಪು ಜನ ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಡಬೇಕು. ಆಮೇಲೆ ಎಷ್ಟೋ ಡ್ರೈವರುಗಳು ಅವರನ್ನು ಮತ್ತೆ ಕೆಳಗಿಳಿಸಿ, ಹಿಂದಿನ ಬಾಗಿಲಿಂದ ಹತ್ತಿ ಅನ್ನುತ್ತಿದ್ದರು. ಇವರು ಹಿಂದಕ್ಕೆ ನಡೆದುಕೊಂಡು ಹೋಗುವಷ್ಟರಲ್ಲಿ ಬಸ್ಸು ಹೊರಟೇ ಹೋಗಿರುತ್ತಿತ್ತು. ದುಡ್ಡೂ ಹೋಯಿತು, ಬಸ್ಸೂ ಹೋಯಿತು. ಈ ಬಸ್ಸುಗಳಿಗೆ ಹತ್ತುವವರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ ಇದ್ದರು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

1943ರಲ್ಲಿ ರೋಸಾ ಪಾರ್ಕ್ಸ್ ಒಮ್ಮೆ ಮುಂದಿನಿಂದ ಹತ್ತಿದರು. ಕೆಳಗಿಳಿದು ಹಿಂದಿನಿಂದ ಬಾ ಅಂದ ಡ್ರೈವರ್. ಇವರು ಒಪ್ಪಲಿಲ್ಲ. ಅವನು ಬಸ್ಸಿನಿಂದಲೇ ಇಳಿಸಿಬಿಟ್ಟ. ಅವನ ಹೆಸರು ಜೇಮ್ಸ್ ಬ್ಲೇಕ್. ಅವತ್ತಿನಿಂದ ಹನ್ನೆರಡು ವರ್ಷ ಪಾರ್ಕ್ಸ್ ಬಸ್ ಬಂದರೆ ಮೊದಲು ಡ್ರೈವರ್ ಮುಖ ನೋಡುತ್ತಿದ್ದರು. ಬ್ಲೇಕ್ ಇದ್ದರೆ ಹತ್ತುತ್ತಿರಲಿಲ್ಲ. 1955ರ ಡಿಸೆಂಬರ್ 1, ಗುರುವಾರ ಸಂಜೆ, ನೋಡದೆ ಹತ್ತಿದರು. ಅದು ಅವನದೇ ಬಸ್ಸು.

ಅವರು ಕೂತಿದ್ದು ಬಿಳಿಯರ ಸೀಟಿನಲ್ಲಿ ಅಲ್ಲ. ಇದನ್ನು ಸುಮಾರು ಜನ ತಪ್ಪು ಹೇಳುತ್ತಾರೆ, ನಿಮ್ಮ ಮಗಳು ಸರಿಯಾಗಿ ಹೇಳಲಿ. ಅವರು ಕೂತಿದ್ದು ಆ ಹತ್ತು ಸೀಟಿನ ಹಿಂದಿನ ಸಾಲಿನಲ್ಲಿ. ಅಲ್ಲಿ ಕಪ್ಪು ಜನ ಕೂರಬಹುದಿತ್ತು. ಆ ಸಾಲಿನಲ್ಲಿ ಒಟ್ಟು ನಾಲ್ವರಿದ್ದರು. ಮುಂದೆ ಸೀಟು ತುಂಬಿತು, ಒಬ್ಬ ಬಿಳಿ ಗಂಡಸು ನಿಂತುಕೊಂಡ. ಒಬ್ಬನಿಗೆ ಬೇಕಿದ್ದದ್ದು ಒಂದೇ ಸೀಟು. ಆದರೆ ಬ್ಲೇಕ್ ನಾಲ್ವರನ್ನೂ ಏಳಿ ಅಂದ. ಯಾಕೆ ಅಂದರೆ ಬಿಳಿಯ ಕೂತ ಸಾಲಿನಲ್ಲಿ ಕಪ್ಪು ಮನುಷ್ಯರು ಕೂರಬಾರದು, ನಡುವಿನ ದಾರಿಯ ಆ ಕಡೆಯ ಸೀಟಿನಲ್ಲೂ ಕೂರಬಾರದು. ಮೊದಲು ಯಾರೂ ಅಲುಗಾಡಲಿಲ್ಲ. ಎದ್ದರೆ ನಿಮಗೇ ಒಳ್ಳೇದು ಅಂತ ಅವನು ಮತ್ತೆ ಗದರಿಸಿದ. ಮೂವರು ಎದ್ದರು. ಪಾರ್ಕ್ಸ್ ತಮ್ಮ ಪಕ್ಕದವರು ಆಚೆ ಹೋಗಲು ದಾರಿ ಬಿಟ್ಟು, ಕಿಟಕಿ ಪಕ್ಕಕ್ಕೆ ಸರಿದು ಕೂತರು. ಪೊಲೀಸರಿಗೆ ಹಿಡಿದುಕೊಡುತ್ತೇನೆ ಅಂದ. "ಹಾಗೇ ಮಾಡಿ" ಅಂದರು.

ಇದು ಆ ಕ್ಷಣದ ಸಿಟ್ಟಿನಲ್ಲಿ ಬಂದ ಮಾತಲ್ಲ. ಪಾರ್ಕ್ಸ್ 1943ರಿಂದಲೇ ಎನ್‌ಎಎಸಿಪಿ ಅನ್ನುವ ಸಂಘದ ಮಾಂಟ್ಗೊಮರಿ ಶಾಖೆಗೆ ಕಾರ್ಯದರ್ಶಿಯಾಗಿ ಕೆಲಸ ಮಾಡಿದವರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ದೊಡ್ಡ ಸಂಘ ಅದು. 1944ರಲ್ಲಿ ರೆಸಿ ಟೇಲರ್ ಅನ್ನುವ ಕಪ್ಪು ಹೆಣ್ಣುಮಗಳ ಮೇಲೆ ಬಿಳಿ ಗಂಡಸರು ಅತ್ಯಾಚಾರ ಮಾಡಿದಾಗ, ಅವರ ಊರಿಗೆ ಹೋಗಿ ಹೇಳಿಕೆ ತೆಗೆದುಕೊಂಡು ಬಂದವರು ಇದೇ ರೋಸಾ ಪಾರ್ಕ್ಸ್. ಆ ಕಾಲದಲ್ಲಿ, ಆ ರಾಜ್ಯದಲ್ಲಿ, ಇದು ಜೀವಕ್ಕೇ ಅಪಾಯದ ಕೆಲಸ. 1955ರ ಜುಲೈ-ಆಗಸ್ಟಿನಲ್ಲಿ ಟೆನೆಸೀ ರಾಜ್ಯದ ಹೈಲ್ಯಾಂಡರ್ ಶಾಲೆಗೆ ಹೋಗಿ ಚಳವಳಿಯ ತರಬೇತಿ ಪಡೆದುಬಂದಿದ್ದರು. ಆ ಆಗಸ್ಟ್ 28ರಂದು ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಹುಡುಗನನ್ನು ಬಿಳಿಯರು ಹೊತ್ತೊಯ್ದು ಕೊಂದಿದ್ದರು. ಆ ಕೊಲೆಯ ಬಗ್ಗೆ ನಡೆದ ಸಭೆಗೆ ಪಾರ್ಕ್ಸ್ ಹೋಗಿದ್ದು ನವೆಂಬರ್ 27ಕ್ಕೆ. ಬಸ್ಸಿನ ಘಟನೆಗೆ ನಾಲ್ಕೇ ದಿನ ಮುಂಚೆ.

ಈಗ ನಿಮ್ಮ ಮಗಳ ಎರಡನೇ ಪ್ರಶ್ನೆ. ಹೌದು, ಪಾರ್ಕ್ಸ್ ಅವರಿಗಿಂತ ಮುಂಚೆ ಬೇಡ ಅಂದವರಿದ್ದರು. ಅದೇ ವರ್ಷ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ, ಕ್ಲಾಡೆಟ್ ಕಾಲ್ವಿನ್ ಅನ್ನುವ 15 ವರ್ಷದ ಹುಡುಗಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದಳು. ಏಳು ಅಂದರೆ ಏಳಲಿಲ್ಲ. ಪೊಲೀಸರು ಎಳೆದುಕೊಂಡು ಹೋಗಿ ಕೋಳ ಹಾಕಿದರು. ಆ ಫೆಬ್ರವರಿಯಲ್ಲಿ ಅವಳ ಶಾಲೆಯಲ್ಲಿ ಕಪ್ಪು ಜನರ ಇತಿಹಾಸದ ಪಾಠ ನಡೆದಿತ್ತು. ಕಾರ್ಟರ್ ವುಡ್ಸನ್ ಅನ್ನುವ ಇತಿಹಾಸಕಾರರು 1926ರಲ್ಲಿ ಶುರು ಮಾಡಿದ ಇತಿಹಾಸ ವಾರ ಅದು, ಈಗ ಇಡೀ ಫೆಬ್ರವರಿ ತಿಂಗಳು ಆಚರಿಸುತ್ತಾರೆ. ಗುಲಾಮಗಿರಿಯಿಂದ ತಾನು ತಪ್ಪಿಸಿಕೊಂಡ ಮೇಲೂ ಮತ್ತೆ ಮತ್ತೆ ವಾಪಸ್ ಹೋಗಿ ಸುಮಾರು 70 ಜನರನ್ನು ಬಿಡಿಸಿಕೊಂಡು ಬಂದ ಹ್ಯಾರಿಯೆಟ್ ಟಬ್ಮನ್. ಮಾರಿಬಿಟ್ಟಿದ್ದ ತನ್ನ ಮಗನನ್ನು ಕೋರ್ಟಿಗೆ ಹೋಗಿ ಗೆದ್ದು ತಂದ ಸೊಜರ್ನರ್ ಟ್ರೂತ್. ಈ ಇಬ್ಬರ ಕಥೆ ಆ ಹುಡುಗಿಯ ತಲೆಯಲ್ಲಿ ತುಂಬಿಕೊಂಡಿತ್ತು. ಒಂದು ಹೆಗಲ ಮೇಲೆ ಟಬ್ಮನ್ ಕೈ, ಇನ್ನೊಂದು ಹೆಗಲ ಮೇಲೆ ಟ್ರೂತ್ ಕೈ ಇಟ್ಟು ಕೂರು ಅಂತ ಅದುಮಿ ಹಿಡಿದಂತೆ ಅನಿಸಿತು, ಏಳೋಕೆ ಆಗಲೇ ಇಲ್ಲ ಅಂತ ಅವರು ಮುಂದೆ ಹೇಳುತ್ತಿದ್ದರು. ಶಾಲೆಯಲ್ಲಿ ಐದು ನಿಮಿಷ ಮಾತಾಡುವುದೇನು ಮಹಾ ಅಂತ ನಿಮ್ಮ ಮಗಳಿಗೆ ಯಾರಾದರೂ ಅಂದರೆ ಇದನ್ನು ಹೇಳಿ.

ಆದರೆ ಊರಿನ ಮುಖಂಡರು ಕಾಲ್ವಿನ್ ಕೇಸನ್ನು ಹಿಡಿದು ದೊಡ್ಡ ಹೋರಾಟಕ್ಕೆ ಇಳಿಯಲಿಲ್ಲ. ಮೇಲ್ಮನವಿಯಲ್ಲಿ ಜಡ್ಜ್ ಸೀಟಿನ ಆರೋಪವನ್ನು ಕೈಬಿಟ್ಟು, ಪೊಲೀಸರ ಮೇಲೆ ಕೈ ಮಾಡಿದಳು ಅನ್ನುವ ಆರೋಪವನ್ನಷ್ಟೇ ಉಳಿಸಿಕೊಂಡರು. ಸೀಟಿನ ಕಾನೂನನ್ನು ಪ್ರಶ್ನಿಸುವ ದಾರಿ ಅಲ್ಲಿಗೆ ಮುಚ್ಚಿತು. ಹುಡುಗಿ ಚಿಕ್ಕವಳು, ಬಡವರ ಮನೆಯವಳು, ಮಾತು ನೇರ ಅನ್ನುವ ಹಿಂಜರಿಕೆಯೂ ಇತ್ತು. ಕೆಲವು ತಿಂಗಳಲ್ಲಿ ಅವಳು ಗರ್ಭಿಣಿ ಅಂತಲೂ ಗೊತ್ತಾಯಿತು. ಮುಖಂಡರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಆದರೂ ಆ ಹುಡುಗಿಯನ್ನು ಒಂಟಿಯಾಗಿ ಬಿಟ್ಟರಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಕ್ಟೋಬರಿನಲ್ಲಿ ಮೇರಿ ಲೂಯಿಸ್ ಸ್ಮಿತ್ ಅನ್ನುವ 18 ವರ್ಷದ ಇನ್ನೊಬ್ಬ ಹುಡುಗಿಯನ್ನೂ ಇದೇ ಕಾರಣಕ್ಕೆ ಹಿಡಿದರು.

ಇನ್ನು ಆ ಗುರುವಾರ ರಾತ್ರಿಗೆ ಬರೋಣ. ನನ್ನನ್ನು ಕೇಳಿದರೆ ಇಡೀ ಕಥೆಯ ಜೀವ ಇರುವುದು ಇಲ್ಲೇ. ಪಾರ್ಕ್ಸ್ ಅವರನ್ನು ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದವರು ಇ.ಡಿ. ನಿಕ್ಸನ್, ರೈಲಿನಲ್ಲಿ ಪೋರ್ಟರ್ ಆಗಿದ್ದ, ಯೂನಿಯನ್ ಕಟ್ಟಿದ್ದ ಗಟ್ಟಿ ಮನುಷ್ಯ. ಜೊತೆಗೆ ಕ್ಲಿಫರ್ಡ್ ಡರ್ ಮತ್ತು ವರ್ಜೀನಿಯಾ ಡರ್ ಅನ್ನುವ ಬಿಳಿಯ ದಂಪತಿ. ಕೇಸು ನಡೆಸಲಿ ಅಂತ ಪಾರ್ಕ್ಸ್ ಒಪ್ಪಿದರು. ವಕೀಲ ಫ್ರೆಡ್ ಗ್ರೇ, ಆಗ ಬರೀ 24 ವರ್ಷ. ಅವರು ಫೋನ್ ಮಾಡಿದ್ದು ಜೋ ಆನ್ ರಾಬಿನ್ಸನ್ ಅವರಿಗೆ.

ರಾಬಿನ್ಸನ್ ಊರಿನ ಕಪ್ಪು ಜನರ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. 1949ರಲ್ಲಿ ಹೆಚ್ಚುಕಮ್ಮಿ ಖಾಲಿ ಇದ್ದ ಬಸ್ಸಿನಲ್ಲಿ ಮುಂದೆ ಕೂತಿದ್ದಕ್ಕೆ ಡ್ರೈವರ್ ಕೂಗಾಡಿ, ಅವರು ಅಳುತ್ತಾ ಇಳಿದು ಓಡಿದ್ದರು. ಆ ಅವಮಾನವನ್ನು ಅವರು ಹಾಗೇ ನುಂಗಿಕೊಂಡು ಕೂರಲಿಲ್ಲ. ಮಹಿಳಾ ರಾಜಕೀಯ ಮಂಡಳಿ ಅನ್ನುವ ಸಂಘ ಆಗಲೇ ಇತ್ತು. ಮೇರಿ ಫೇರ್ ಬರ್ಕ್ಸ್ ಅನ್ನುವ ಅಧ್ಯಾಪಕಿ 1946ರಲ್ಲಿ ಕಟ್ಟಿದ್ದು. ರಾಬಿನ್ಸನ್ ಅದರ ಅಧ್ಯಕ್ಷೆಯಾದರು. 1954ರ ಮೇ 21ರಂದೇ ಮೇಯರ್‌ಗೆ ಪತ್ರ ಬರೆದರು: ನಮ್ಮ ಜನ ಹತ್ತದಿದ್ದರೆ ನಿಮ್ಮ ಬಸ್ಸು ಓಡುವುದಿಲ್ಲ, ಬಹಿಷ್ಕಾರ ಹಾಕುವ ಮಾತು ನಡೀತಾ ಇದೆ ಅಂತ. ತಾರೀಖು ನೋಡಿ. ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮುಂಚೆ!

ಅವತ್ತು ಮಧ್ಯರಾತ್ರಿ ರಾಬಿನ್ಸನ್ ಕಾಲೇಜಿಗೆ ಹೋದರು. ಇನ್ನೊಬ್ಬ ಮೇಷ್ಟ್ರು, ಇಬ್ಬರು ವಿದ್ಯಾರ್ಥಿಗಳು ಜೊತೆಗೆ. ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ ಕರಪತ್ರ ತೆಗೆದರು. ಹಳೆ ಕಾಲದ ಆಫೀಸು, ಶಾಲೆಗಳಲ್ಲಿ ಆ ಯಂತ್ರ ನೋಡಿದವರಿಗೆ ಗೊತ್ತು, ಕೈಯೆಲ್ಲ ಮಸಿ, ಹಾಳೆ ಅಂಟಿಕೊಳ್ಳುವುದು, ಮತ್ತೆ ಬಿಡಿಸುವುದು. ಕಾಗದ ಉಳಿಸಲು ಒಂದೇ ಹಾಳೆಯಲ್ಲಿ ಮೂರು ಕರಪತ್ರ ಬರುವಂತೆ ಅಚ್ಚು ಮಾಡಿ ಕತ್ತರಿಸಿದರು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹತ್ತಾರು ಸಾವಿರ ಕರಪತ್ರ ಕಟ್ಟು ಕಟ್ಟಿ ಇಟ್ಟಾಗಿತ್ತು. ಅದು ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಾಲೇಜು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಕ್ಲಾಸು ಬೇರೆ ಇತ್ತು. ಕ್ಲಾಸು ಮುಗಿಸಿ, ವಿದ್ಯಾರ್ಥಿಗಳನ್ನು ಕಾರಿಗೆ ಹತ್ತಿಸಿಕೊಂಡು ಊರೆಲ್ಲ ಹಂಚಿದರು. ಎಲ್ಲಿ ಯಾರು ನಿಂತಿರುತ್ತಾರೆ, ಯಾರ ಕೈಗೆ ಕೊಡಬೇಕು ಅಂತ ಮಂಡಳಿಯ ಹೆಂಗಸರು ತಿಂಗಳುಗಟ್ಟಲೆ ಮುಂಚೆಯೇ ಯೋಚಿಸಿ ಇಟ್ಟಿದ್ದರು.

ಆ ಕರಪತ್ರದಲ್ಲಿ ಏನಿತ್ತು ಗೊತ್ತಾ? ಮತ್ತೊಬ್ಬ ಕಪ್ಪು ಹೆಂಗಸನ್ನು ಹಿಡಿದು ಜೈಲಿಗೆ ಹಾಕಿದ್ದಾರೆ, ಸೋಮವಾರ ಯಾರೂ ಬಸ್ ಹತ್ತಬೇಡಿ ಅಂತ. ಅದರಲ್ಲಿ ರೋಸಾ ಪಾರ್ಕ್ಸ್ ಹೆಸರೇ ಇಲ್ಲ. ಕ್ಲಾಡೆಟ್ ಕಾಲ್ವಿನ್ ಹೆಸರು ಇದೆ.

ಸೋಮವಾರ, ಡಿಸೆಂಬರ್ 5. ಬಸ್ಸುಗಳು ಖಾಲಿ ಓಡಿದವು. ಬೆಳಿಗ್ಗೆ ಕೋರ್ಟಿನಲ್ಲಿ ಪಾರ್ಕ್ಸ್ ಅವರಿಗೆ 10 ಡಾಲರ್ ದಂಡ, 4 ಡಾಲರ್ ಕೋರ್ಟು ಖರ್ಚು ಹಾಕಿದರು. ಮಧ್ಯಾಹ್ನ ಮುಖಂಡರು ಸೇರಿ ಹೊಸ ಸಂಘ ಕಟ್ಟಿ, ಊರಿಗೆ ಬಂದು ಹೆಚ್ಚು ಕಾಲವಾಗಿರದ 26 ವರ್ಷದ ಪಾದ್ರಿಯೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಅವರೇ ಮಾರ್ಟಿನ್ ಲೂಥರ್ ಕಿಂಗ್. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಾವಿರಾರು ಜನ ಸೇರಿದರು, ಒಳಗೆ ಜಾಗ ಸಾಲದೆ ಹೊರಗೂ ನಿಂತರು. ಒಂದು ದಿನಕ್ಕೆ ಅಂತ ಹೇಳಿದ್ದನ್ನು ಮುಂದುವರಿಸೋಣ ಅಂತ ತೀರ್ಮಾನವಾಯಿತು.

ಅವರು ಮೊದಲು ಕೇಳಿದ್ದು ಎಷ್ಟು ಚಿಕ್ಕದು ಅಂತ ತಿಳಿದರೆ ಆಶ್ಚರ್ಯವಾಗುತ್ತದೆ. ಡ್ರೈವರುಗಳು ಮರ್ಯಾದೆಯಿಂದ ಮಾತಾಡಲಿ. ಬಿಳಿಯರು ಮುಂದಿನಿಂದ, ನಾವು ಹಿಂದಿನಿಂದ, ಮೊದಲು ಬಂದವರು ಮೊದಲು ಕೂರಲಿ, ಕೂತವರನ್ನು ಎಬ್ಬಿಸಬೇಡಿ. ನಮ್ಮ ಜನರೇ ಜಾಸ್ತಿ ಓಡಾಡುವ ರೂಟಿಗೆ ನಮ್ಮವರನ್ನು ಡ್ರೈವರ್ ಮಾಡಿ. ಅಷ್ಟೇ. ಬೇರೆ ಬೇರೆ ಕೂರುವ ಪದ್ಧತಿಯನ್ನೇ ತೆಗೆಯಿರಿ ಅಂತ ಮೊದಲ ದಿನ ಕೇಳಲೇ ಇಲ್ಲ. ಇಷ್ಟಕ್ಕೂ ನಗರಸಭೆ, ಬಸ್ ಕಂಪನಿ ಒಪ್ಪಲಿಲ್ಲ. ಆ ಹಟದಿಂದಲೇ ಹೋರಾಟ ಬೆಳೆಯಿತು.

ಮುಂದೆ ಒಂದು ವರ್ಷದ ಮೇಲೆ 40,000ಕ್ಕೂ ಹೆಚ್ಚು ಜನ ಬಸ್ಸಿಲ್ಲದೆ ಬದುಕಿದರು. ಅದರಲ್ಲಿ ತುಂಬಾ ಜನ ಬಿಳಿಯರ ಮನೆಗೆಲಸಕ್ಕೆ ಹೋಗುವ ಹೆಂಗಸರು. ಮಳೆ ಇರಲಿ ಚಳಿ ಇರಲಿ ನಡೆದರು. ಮೊದಲು ಟ್ಯಾಕ್ಸಿಯವರು ಬಸ್ಸಿನಷ್ಟೇ, 10 ಸೆಂಟಿಗೆ ಕರೆದೊಯ್ದರು. ಕನಿಷ್ಠ 45 ಸೆಂಟ್ ತೆಗೆದುಕೊಳ್ಳಲೇಬೇಕು ಅಂತ ನಗರಸಭೆಯವರು ಹಳೆ ನಿಯಮ ಹಿಡಿದು ಅದನ್ನು ನಿಲ್ಲಿಸಿದರು. ಆಗ 300ರಷ್ಟು ಕಾರುಗಳನ್ನು ಒಟ್ಟು ಮಾಡಿ, ಎಲ್ಲೆಲ್ಲಿ ಹತ್ತಿಸಬೇಕು ಇಳಿಸಬೇಕು ಅಂತ ಜಾಗ ಗೊತ್ತು ಮಾಡಿ, ತಮ್ಮದೇ ಸಾರಿಗೆ ಶುರು ಮಾಡಿದರು. 1953ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್ ಊರಿನವರು ಹೀಗೆ ಮಾಡಿದ್ದರು, ಅವರಿಂದ ಕಲಿತದ್ದು. ಕಾರುಗಳ ಇನ್ಶೂರೆನ್ಸ್ ರದ್ದಾದಾಗ ಲಂಡನ್ನಿನ ಲಾಯ್ಡ್ಸ್ ತನಕ ಹೋಗಿ ಇನ್ಶೂರೆನ್ಸ್ ಮಾಡಿಸಿದರು. ಬಿಳಿ ಗೃಹಿಣಿಯರು ಎಷ್ಟೋ ಜನ ತಾವೇ ಕಾರು ತಂದು ಕೆಲಸದವರನ್ನು ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಮಾಡಬೇಡಿ ಅಂತ ಮೇಯರ್ ಅವರನ್ನು ಬೇಡಿಕೊಳ್ಳಬೇಕಾಯಿತು.

ಪೆಟ್ರೋಲಿಗೆ ದುಡ್ಡು? ಇಲ್ಲಿ ಜಾರ್ಜಿಯಾ ಗಿಲ್ಮೋರ್ ಬರುತ್ತಾರೆ. ನಿಮ್ಮ ಮಗಳಿಗೆ ಅರ್ಧ ನಿಮಿಷ ಉಳಿದರೆ ಇವರಿಗೆ ಕೊಡಲಿ ಅಂತ ನನ್ನ ಆಸೆ. ಅಡುಗೆ ಕೆಲಸದ ಹೆಂಗಸು. ಸಭೆ ನಡೆಯುವಾಗ ಹೊರಗೆ ಕರಿದ ಚಿಕನ್ ಸ್ಯಾಂಡ್‌ವಿಚ್ ಮಾರಿದರು. ಆಮೇಲೆ ಸುತ್ತಮುತ್ತಲ ಹೆಂಗಸರನ್ನು ಸೇರಿಸಿಕೊಂಡು ಕೇಕು, ಪೈ ಮಾಡಿ ಮನೆಮನೆಗೆ ಮಾರಿದರು. ಕೊಂಡವರಲ್ಲಿ ಬಿಳಿಯರೂ ಇದ್ದರು. ವಾರವಾರ ಆ ದುಡ್ಡನ್ನು ಸಭೆಗೆ ತಂದು ಸುರಿಯುತ್ತಿದ್ದರು. ಗುಂಪಿಗೆ ಅವರಿಟ್ಟ ಹೆಸರಿನ ಅರ್ಥ "ಎಲ್ಲಿಯದೂ ಅಲ್ಲದ ಕ್ಲಬ್". ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ ಅನ್ನಬಹುದು, ಸುಳ್ಳೂ ಅಲ್ಲ! ಕೇಕು ಮಾಡಿಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುತ್ತಿತ್ತು, ಅದಕ್ಕೇ ಈ ಉಪಾಯ. ಗಿಲ್ಮೋರ್ ಮಾತ್ರ ಕೋರ್ಟಿನಲ್ಲಿ ಬಹಿರಂಗವಾಗಿ ಸಾಕ್ಷಿ ಹೇಳಿ ತಮ್ಮ ಕೆಲಸ ಕಳೆದುಕೊಂಡರು. ಆಮೇಲೆ ಮನೆಯ ಅಡುಗೆಮನೆಯನ್ನೇ ಹೋಟೆಲ್ ಮಾಡಿಕೊಂಡರು. ಕಿಂಗ್ ಅಲ್ಲಿಗೆ ಊಟಕ್ಕೆ ಬರುತ್ತಿದ್ದರು.

ಗಾಂಧೀಜಿಯ ವಿಷಯ ಶಾಲೆಯಲ್ಲಿ ಕೇಳಬಹುದು, ಅದಕ್ಕೆ ಹೇಳುತ್ತೇನೆ. ಬಹಿಷ್ಕಾರ ಶುರುವಾದ ಒಂದೇ ವಾರಕ್ಕೆ ಊರಿನ ಪತ್ರಿಕೆಗೆ ಜೂಲಿಯೆಟ್ ಮಾರ್ಗನ್ ಅನ್ನುವ ಬಿಳಿಯ ಲೈಬ್ರರಿಯನ್ ಪತ್ರ ಬರೆದು, ಈ ನಡಿಗೆ ಗಾಂಧಿಯ ಉಪ್ಪಿನ ಸತ್ಯಾಗ್ರಹದ ಹಾಗಿದೆ ಅಂದರು. ಅದಕ್ಕಾಗಿ ಅವರು ಪಟ್ಟ ಹಿಂಸೆ ಅಷ್ಟಿಷ್ಟಲ್ಲ. ಕಿಂಗ್ ಭಾರತಕ್ಕೆ ಬಂದಿದ್ದು ಇದೆಲ್ಲ ಮುಗಿದ ಮೇಲೆ, 1959ರಲ್ಲಿ. ತಿರುವನಂತಪುರದ ಒಂದು ಶಾಲೆಯಲ್ಲಿ ದಲಿತ ಮಕ್ಕಳ ಮುಂದೆ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯ ಅಂತ ಪರಿಚಯಿಸಿದರು. ಮೊದಲು ಮನಸ್ಸಿಗೆ ಚುಚ್ಚಿತು, ಯೋಚಿಸಿದ ಮೇಲೆ ಹೌದು, ನಾನೂ ಅದೇ ಅನ್ನಿಸಿತು ಅಂತ ಕಿಂಗ್ ಹೇಳಿಕೊಂಡಿದ್ದಾರೆ.

ಕೊನೆಗೆ ಕಾನೂನು ಬದಲಾಗಿದ್ದು ಹೇಗೆ? ಪಾರ್ಕ್ಸ್ ಕೇಸಿನಿಂದ ಅಲ್ಲ. ಅದು ರಾಜ್ಯದ ಕೋರ್ಟುಗಳಲ್ಲೇ ಸಿಕ್ಕಿಕೊಂಡಿತು. 1956ರ ಜನವರಿ 30ಕ್ಕೆ ಕಿಂಗ್ ಮನೆಗೆ, ಎರಡು ದಿನ ಬಿಟ್ಟು ನಿಕ್ಸನ್ ಮನೆಗೆ ಬಾಂಬ್ ಎಸೆದರು. ನಿಕ್ಸನ್ ಮನೆಗೆ ಬಾಂಬ್ ಬಿದ್ದ ದಿನವೇ, ಫೆಬ್ರವರಿ 1ರಂದು, ವಕೀಲ ಗ್ರೇ ಫೆಡರಲ್ ಕೋರ್ಟಿನಲ್ಲಿ, ಅಂದರೆ ರಾಜ್ಯದ್ದಲ್ಲದ ಕೇಂದ್ರದ ಕೋರ್ಟಿನಲ್ಲಿ, ಬೇರೆಯದೇ ಕೇಸು ಹಾಕಿದರು. ದಾವೆ ಹೂಡಿದ್ದು ಹೆಂಗಸರು. ಒಬ್ಬರು ಒತ್ತಡಕ್ಕೆ ಹಿಂದೆ ಸರಿದರು. ನಾಲ್ವರು ನಿಂತರು: ಔರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ಅದೇ ಕ್ಲಾಡೆಟ್ ಕಾಲ್ವಿನ್. ಮುಖಂಡರು ಬೇಡ ಅಂದಿದ್ದ ಹುಡುಗಿ ಮೇ ತಿಂಗಳಲ್ಲಿ ಕಟಕಟೆ ಹತ್ತಿ ಸಾಕ್ಷಿ ಹೇಳಿದಳು. ಆಗ ಅವಳಿಗೆ 16, ಕೈಯಲ್ಲಿ ಹಸುಗೂಸು. ಜೂನ್ 5ಕ್ಕೆ ಮೂವರು ಜಡ್ಜುಗಳಲ್ಲಿ ಇಬ್ಬರು ಇವರ ಪರ ತೀರ್ಪು ಕೊಟ್ಟರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ದಿನ ಮಾಂಟ್ಗೊಮರಿಯ ಕೋರ್ಟು ಇವರ ಕಾರುಗಳ ಓಡಾಟಕ್ಕೆ ತಡೆ ಹಾಕಿತು. ಗೆದ್ದ ಸುದ್ದಿ ಬಂದಿದೆ, ಆದೇಶದ ಕಾಗದ ಇನ್ನೂ ಊರಿಗೆ ಬಂದಿಲ್ಲ, ಕಾರೂ ಇಲ್ಲ. ಆ ಐದು ವಾರ ಅಕ್ಕಪಕ್ಕದವರ ಗಾಡಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಕಾಲ್ನಡಿಗೆ. ಡಿಸೆಂಬರ್ 20ಕ್ಕೆ ಆದೇಶ ಬಂತು. 21ರ ಬೆಳಿಗ್ಗೆ ಬಸ್ ಹತ್ತಿದರು, ಮುಂದಿನ ಬಾಗಿಲಿಂದ. ಒಟ್ಟು 381 ದಿನ.

ಆಮೇಲೆ ಎಲ್ಲ ಸರಿಹೋಯಿತು ಅಂತ ಮಾತ್ರ ಮಗಳು ಹೇಳದಿರಲಿ. ಒಂದೇ ವಾರದಲ್ಲಿ ಬಸ್ಸುಗಳ ಮೇಲೆ ಗುಂಡು ಹಾರಿತು, ರೋಸಾ ಜಾರ್ಡನ್ ಅನ್ನುವ ಗರ್ಭಿಣಿಯ ಎರಡೂ ಕಾಲಿಗೆ ಪೆಟ್ಟಾಯಿತು. ಜನವರಿಯಲ್ಲಿ ಚರ್ಚುಗಳಿಗೆ ಬಾಂಬ್ ಹಾಕಿದರು. ಪಾರ್ಕ್ಸ್ ಅವರ ಹೊಲಿಗೆ ಕೆಲಸ ಬಹಿಷ್ಕಾರ ಶುರುವಾದ ಮರುತಿಂಗಳೇ ಹೋಗಿತ್ತು. ಗಂಡನ ಕೆಲಸವೂ ಹೋಯಿತು. ಬೆದರಿಕೆ ಫೋನುಗಳು ನಿಲ್ಲಲಿಲ್ಲ. 1957ರಲ್ಲಿ ಆ ಊರನ್ನೇ ಬಿಟ್ಟು ಡೆಟ್ರಾಯಿಟ್‌ಗೆ ಹೋದರು. ಕೈಯಲ್ಲಿ ಕಾಸಿಲ್ಲದೆ ವರ್ಷಗಟ್ಟಲೆ ಒದ್ದಾಡಿದರು. 1965ರಲ್ಲಿ ಸಂಸದ ಜಾನ್ ಕಾನ್ಯರ್ಸ್ ಅವರ ಕಚೇರಿಯಲ್ಲಿ ಕೆಲಸ ಸಿಕ್ಕ ಮೇಲೆ ಉಸಿರಾಡುವಂತಾಯಿತು. 2005ರಲ್ಲಿ ತೀರಿಕೊಂಡಾಗ ಅಮೆರಿಕದ ಸಂಸತ್ ಭವನದಲ್ಲಿ ದರ್ಶನಕ್ಕಿಟ್ಟರು. ಆ ಗೌರವ ಪಡೆದ ಮೊದಲ ಹೆಂಗಸು ಅವರು. ಕಾಲ್ವಿನ್ ಮೇಲಿದ್ದ ಹಳೆಯ ದಾಖಲೆಯನ್ನು ಕೋರ್ಟು ಅಳಿಸಿಹಾಕಿದ್ದು 2021ರಲ್ಲಿ, ಅವರಿಗೆ 82 ವರ್ಷವಾದಾಗ.

ಇನ್ನು ಚಾರ್ಟಿನ ಫೋಟೊ. ಬೆರಳಚ್ಚಿನ ಫೋಟೊ ಅಂಟಿಸಲಿ, ಆದರೆ ಅದು ಬಸ್ಸಿನ ಘಟನೆಯ ದಿನದ್ದಲ್ಲ. 1956ರ ಫೆಬ್ರವರಿ 22ರದ್ದು. ಬಹಿಷ್ಕಾರ ಮಾಡುವುದೇ ಅಪರಾಧ ಅನ್ನುವ 1921ರ ಕಾನೂನೊಂದನ್ನು ಹುಡುಕಿ ತೆಗೆದು 89 ಜನರ ಮೇಲೆ ಕೇಸು ಹಾಕಿದ್ದರು. ಪೊಲೀಸರು ಮನೆಗೆ ಬರಲಿ ಅಂತ ಅವರು ಕಾಯಲಿಲ್ಲ. ಮೊದಲು ನಿಕ್ಸನ್ ತಾವಾಗಿಯೇ ಹೋಗಿ, ನನ್ನನ್ನೇ ತಾನೆ ಹುಡುಕ್ತಿರೋದು, ಬಂದಿದ್ದೀನಿ ಅಂದರು. ಸುದ್ದಿ ಹಬ್ಬಿ ಮಿಕ್ಕವರೂ ಒಳ್ಳೆ ಬಟ್ಟೆ ಹಾಕಿಕೊಂಡು ಹಬ್ಬಕ್ಕೆ ಬಂದ ಹಾಗೆ ಬಂದರು. ಪಾರ್ಕ್ಸ್ ಆ ಸಾಲಿನಲ್ಲಿ ಒಬ್ಬರು. ಬಸ್ಸಿನಲ್ಲಿ ಕಿಟಕಿ ನೋಡುತ್ತಾ ಕೂತಿರುವ, ಹಿಂದಿನ ಸೀಟಿನಲ್ಲಿ ಬಿಳಿಯನೊಬ್ಬ ಇರುವ ಫೋಟೊ ಕೂಡ ತುಂಬಾ ಕಡೆ ಸಿಗುತ್ತದೆ. ಅದು 1956ರ ಡಿಸೆಂಬರ್ 21ರದ್ದು, ಹಿಂದೆ ಕೂತಿರುವುದು ಒಬ್ಬ ಪತ್ರಕರ್ತ. ಎರಡರಲ್ಲಿ ಯಾವುದನ್ನು ಅಂಟಿಸಿದರೂ ಕೆಳಗೆ ಆ ತಾರೀಖನ್ನೇ ಬರೆಯಲಿ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟುಕೊಂಡು ಕ್ಲಾಡೆಟ್ ಕಾಲ್ವಿನ್ ಅವರ ಶಾಲಾ ದಿನಗಳ ಫೋಟೊವನ್ನೂ ಅಂಟಿಸಲಿ. ಕನ್ನಡಕ ಹಾಕಿಕೊಂಡ ಹುಡುಗಿ, ನಿಮ್ಮ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳು.